ಹನ್ನೆರಡೂವರೆ ಶಿಲಿಂಗ್



ಯುದ್ಧದ ಬಗ್ಗೆ ಮಾತಾಡುತ್ತೇನೆ, ಆದರೆ ರಣರಂಗದ ಕಡೆ ಹೋಗುವುದಿಲ್ಲ ಎಂದು ಈ ಉಪನ್ಯಾಸಕ್ಕೆ ಕರೆದ ಸಂಘದವರಿಗೆ ಮೊದಲೇ ಹೇಳಿದ್ದೆ. ಗಂಡನೋ ಮಗನೋ ಸೈನ್ಯಕ್ಕೆ ಹೊರಟ ಮರುವಾರ ಮನೆ ಬಾಡಿಗೆ ಎಲ್ಲಿಂದ ಬರುತ್ತದೆ? ಅಂಗಡಿಯ ಲೆಕ್ಕ ಯಾರು ತೀರಿಸುತ್ತಾರೆ? ಅವನು ಹಿಂದಿರುಗದಿದ್ದರೆ ಆ ಮನೆಗೆ ಸಲ್ಲಬೇಕಾದ ಹಣ ಯಾರ ಕೈ ಸೇರುತ್ತದೆ? ಇಂದಿನ ವಿಷಯ ಇಷ್ಟೇ. ಇದಕ್ಕೆ ಮೊದಲ ಮಹಾಯುದ್ಧದ ಕಾಲದ ಬ್ರಿಟನ್ನನ್ನು ಆರಿಸಿಕೊಂಡಿದ್ದೇನೆ. ಸೈನಿಕನ ಹೆಂಡತಿಗೆ ಸರ್ಕಾರದ ಖಜಾನೆಯಿಂದಲೇ ವಾರವಾರ ದುಡ್ಡು ಸಲ್ಲಬೇಕು ಎಂಬುದು ಅಲ್ಲಿ ಲಕ್ಷಾಂತರ ಮನೆಗಳ ಮಟ್ಟದಲ್ಲಿ ಜಾರಿಗೆ ಬಂತು. ಅದಕ್ಕಾಗಿ ಹೆಂಗಸರು ಪಟ್ಟ ಪಾಡು, ಕೊಡುವ ಸರ್ಕಾರವೇ ಅವರ ಹಿಂದೆ ಪೊಲೀಸರನ್ನು ಬಿಟ್ಟದ್ದು, ಎಲ್ಲವೂ ದಾಖಲೆಯಲ್ಲಿದೆ. ಅಂದು ಅಲ್ಲಿ ಎದ್ದ ಪ್ರಶ್ನೆಗಳು ಇಂದು ನಮ್ಮ ಕಚೇರಿಗಳ ಕಡತಗಳಲ್ಲೂ ಇವೆ ಎಂಬುದು ನಾನು ಆ ಕಾಲಕ್ಕೆ ಹೋಗಲು ಮುಖ್ಯ ಕಾರಣ.

1914ಕ್ಕೆ ಮೊದಲು ಬ್ರಿಟಿಷ್ ಸೈನ್ಯಕ್ಕೆ ಸಾಮಾನ್ಯ ಸಿಪಾಯಿಯ ಮದುವೆ ಬೇಡದ ವಿಷಯವಾಗಿತ್ತು. ಮದುವೆಗೆ ಮೇಲಧಿಕಾರಿಯ ಅನುಮತಿ ಬೇಕು. ಅನುಮತಿ ಸಿಗುತ್ತಿದ್ದುದು ನೂರರಲ್ಲಿ ಕೆಲವೇ ಸಿಪಾಯಿಗಳಿಗೆ. ಅವರ ಹೆಂಡತಿಯರ ಹೆಸರು ರೆಜಿಮೆಂಟಿನ ಪಟ್ಟಿಗೆ ಸೇರುತ್ತಿತ್ತು. ಅವರಿಗೆ ವಸತಿ ಇತ್ತು, ಗಂಡ ದೂರ ಹೋದಾಗ ಒಂದಿಷ್ಟು ಭತ್ಯೆ ಇತ್ತು. ಅನುಮತಿ ಇಲ್ಲದೆ ಚರ್ಚಿನಲ್ಲಿ ಕಾನೂನುಬದ್ಧವಾಗಿಯೇ ಮದುವೆಯಾದವಳು ಪಟ್ಟಿಯ ಹೊರಗೆ ಉಳಿಯುತ್ತಿದ್ದಳು. ಗಂಡ ಅದೇ ರೆಜಿಮೆಂಟಿನಲ್ಲಿ ಅದೇ ಬಂದೂಕು ಹಿಡಿದು ಅದೇ ದಿನಕ್ಕೊಂದು ಶಿಲಿಂಗ್ ಸಂಬಳಕ್ಕೆ ದುಡಿದರೂ ಸೈನ್ಯದ ಲೆಕ್ಕದಲ್ಲಿ ಅವಳು ಇರಲೇ ಇಲ್ಲ.

ಅಂಥವಳಿಗೆ ಉಳಿದ ದಾರಿ ದಾನ. 1885ರಲ್ಲಿ ಜೇಮ್ಸ್ ಗಿಲ್ಡೀ ಎಂಬ ಅಧಿಕಾರಿ ಸೈನಿಕರ ಮತ್ತು ನಾವಿಕರ ಕುಟುಂಬಗಳ ಸಂಘವನ್ನು ಕಟ್ಟಿದ. ದಕ್ಷಿಣ ಆಫ್ರಿಕಾದ ಬೋಅರ್ ಯುದ್ಧ ಶುರುವಾದಾಗ, 1899ರ ಅಕ್ಟೋಬರ್ ಕೊನೆಯಲ್ಲಿ, 'ಡೈಲಿ ಮೇಲ್' ಪತ್ರಿಕೆ ರಡ್ಯಾರ್ಡ್ ಕಿಪ್ಲಿಂಗನ ಒಂದು ಪದ್ಯವನ್ನು ಅಚ್ಚು ಹಾಕಿ ಸೈನಿಕರ ಮನೆಗಳಿಗಾಗಿ ಚಂದಾ ಎತ್ತಿತು. ಆರ್ಥರ್ ಸಲಿವನ್ ಅದಕ್ಕೆ ರಾಗ ಕೂಡಿಸಿದ. ಎರಡೂವರೆ ಲಕ್ಷ ಪೌಂಡಿಗೂ ಹೆಚ್ಚು ಹಣ ಸೇರಿತು. ಕೊಟ್ಟವರ ಮನಸ್ಸು ದೊಡ್ಡದೇ. ಆದರೆ ದಾನದ ಹಣ ಮನೆಗೆ ಬರುವಾಗ ವಿಚಾರಣೆಗೆ ಬರುವವರನ್ನೂ ಕರೆದುಕೊಂಡು ಬರುತ್ತದೆ. ಮನೆ ಚೊಕ್ಕಟವಾಗಿದೆಯೇ, ಮಕ್ಕಳು ಶಾಲೆಗೆ ಹೋಗುತ್ತಾರೆಯೇ, ಅವಳು ಕುಡಿಯುತ್ತಾಳೆಯೇ ಎಂದು ಒಳ್ಳೆಯ ಮನೆತನದ ಮಹಿಳೆಯರು ನೋಡಿ ಹೋಗುತ್ತಿದ್ದರು. ಯುದ್ಧದ ಸುದ್ದಿ ಹಳೆಯದಾದಂತೆ ಚಂದಾ ಇಳಿಯುತ್ತಿತ್ತು, ಮನೆಯ ಖರ್ಚು ಇಳಿಯುತ್ತಿರಲಿಲ್ಲ.

1914ರ ಆಗಸ್ಟ್ 4ರಂದು ಬ್ರಿಟನ್ ಯುದ್ಧಕ್ಕೆ ಇಳಿಯಿತು. ಆರೇ ದಿನಗಳಲ್ಲಿ, ಆಗಸ್ಟ್ 10ರಂದು, ಪ್ರಧಾನಿ ಆಸ್ಕ್ವಿತ್ ಸಂಸತ್ತಿನಲ್ಲಿ ಒಂದು ಘೋಷಣೆ ಮಾಡಿದರು: ಪಟ್ಟಿಯಲ್ಲಿ ಇರಲಿ ಇಲ್ಲದಿರಲಿ, ಎಲ್ಲ ಸೈನಿಕರ ಹೆಂಡತಿಯರಿಗೂ ಭತ್ಯೆ ಸಲ್ಲುತ್ತದೆ. ಮೀಸಲು ಪಡೆಯವರಲ್ಲಿ ಹೆಚ್ಚಿನವರು ಸಂಸಾರಸ್ಥರು, ಕರೆ ಬಂದ ಕೂಡಲೇ ಕೆಲಸ ಬಿಟ್ಟು ಹೊರಟವರು. ಹೊಸದಾಗಿ ಸೇರಬೇಕಾದವರೂ ಹೆಂಡತಿ ಮಕ್ಕಳ ಗತಿ ಏನೆಂದು ಕೇಳದೆ ಸೇರುವವರಲ್ಲ. ಕಡ್ಡಾಯ ಸೈನ್ಯ ಸೇವೆ ಆಗ ಅಲ್ಲಿ ಇರಲಿಲ್ಲ ಎಂಬುದನ್ನು ನೆನಪಿಡಬೇಕು; ಅದು ಬಂದದ್ದು 1916ರಲ್ಲಿ. ಹಾಗಾಗಿ ಮನೆಗೆ ಕೊಟ್ಟ ಭರವಸೆಯೂ ಸೈನ್ಯ ಕಟ್ಟುವ ಕೆಲಸದ ಒಂದು ಭಾಗವಾಯಿತು. ಇದರಲ್ಲಿ ಸರ್ಕಾರದ ಸ್ವಾರ್ಥವೂ ಇತ್ತು. ಆ ಸ್ವಾರ್ಥದಿಂದ ಒಂದು ನ್ಯಾಯ ಹುಟ್ಟಿತು ಎಂದರೆ ನಾನು ಅದನ್ನು ತಳ್ಳಿಹಾಕುವುದಿಲ್ಲ.

ಘೋಷಣೆ ಒಂದು ದಿನದ್ದು, ಹಣ ತಲುಪಿಸುವುದು ತಿಂಗಳುಗಳ ಕೆಲಸ. ಕೆಲವೇ ಸಾವಿರ ಹೆಂಡತಿಯರ ಲೆಕ್ಕ ಇಟ್ಟು ಅಭ್ಯಾಸವಿದ್ದ ಕಚೇರಿಗಳ ಮೇಲೆ ಲಕ್ಷಗಟ್ಟಲೆ ಅರ್ಜಿಗಳು ಬಿದ್ದವು. ಮದುವೆಯ ಪ್ರಮಾಣಪತ್ರ ಬೇಕು, ಮಕ್ಕಳ ಜನನಪತ್ರ ಬೇಕು. ಪಟ್ಟಿಯಲ್ಲಿಲ್ಲದ ಹೆಂಡತಿಯ ಬಗ್ಗೆ ರೆಜಿಮೆಂಟಿನಲ್ಲಿ ಒಂದು ಸಾಲೂ ಬರೆದಿಲ್ಲ. ಗಂಡ ಫ್ರಾನ್ಸಿನಲ್ಲಿ, ಅವನ ಸಹಿ ಇಲ್ಲದೆ ಕಾಗದ ಮುಂದಕ್ಕೆ ಹೋಗುವುದಿಲ್ಲ. ಆ ಶರತ್ಕಾಲದಲ್ಲಿ ಗಿರವಿ ಅಂಗಡಿಗಳ ಮುಂದೆ ಸೈನಿಕರ ಹೆಂಡತಿಯರು ನಿಂತರು. ಸಲ್ಲಬೇಕಾದುದನ್ನು ಸರ್ಕಾರ ತಲುಪಿಸುವವರೆಗೆ ಮುಂಗಡ ಕೊಟ್ಟು ಮನೆಗಳನ್ನು ನಡೆಸಿದ್ದು ಮತ್ತೆ ಅದೇ ಗಿಲ್ಡೀಯ ಸಂಘ, ಆಗಸ್ಟ್ 7ರಂದು ಆರಂಭವಾದ ರಾಷ್ಟ್ರೀಯ ಪರಿಹಾರ ನಿಧಿಯ ಹಣದಿಂದ.

ಲಿವರ್‌ಪೂಲಿನಲ್ಲಿ ಆ ಸಂಘದ ಕೆಲಸವನ್ನು ಹೊತ್ತವರು ಎಲಿನರ್ ರಾತ್‌ಬೋನ್. 1909ರಲ್ಲಿ ಆ ನಗರಸಭೆಗೆ ಆಯ್ಕೆಯಾದ ಮೊದಲ ಮಹಿಳೆ. ಶ್ರೀಮಂತ ವರ್ತಕರ ಮನೆಯ ಮಗಳು, ಆದರೆ ಬಂದರಿನ ಕೂಲಿಯವರ ಮನೆಗಳ ಆಯವ್ಯಯವನ್ನು ಯುದ್ಧಕ್ಕೆ ಮೊದಲೇ ಲೆಕ್ಕ ಹಾಕಿ ಬರೆದಿದ್ದವರು. ಆಗಿನ ಕೂಲಿ ಸಂಸಾರದ ಸ್ಥಿತಿ ತಿಳಿಯಬೇಕಾದರೆ ಮಾಡ್ ಪೆಂಬರ್ ರೀವ್ಸ್ 1913ರಲ್ಲಿ ಲಂಡನ್ನಿನ ಲ್ಯಾಂಬೆತ್ ಬಡಾವಣೆಯ ಬಗ್ಗೆ ಪ್ರಕಟಿಸಿದ ಪುಸ್ತಕವನ್ನು ನೋಡಬೇಕು. ವಾರಕ್ಕೆ ಒಂದು ಪೌಂಡಿನ, ಅಂದರೆ 20 ಶಿಲಿಂಗಿನ ಆಸುಪಾಸು ದುಡಿಯುವ ಗಂಡ, ಅದರಲ್ಲಿ ತನ್ನ ಕೈಖರ್ಚು ಹಿಡಿದುಕೊಂಡು ಉಳಿದುದನ್ನು ಹೆಂಡತಿಯ ಕೈಗೆ ಹಾಕುತ್ತಾನೆ. ಎಷ್ಟು ಹಾಕುತ್ತಾನೆ ಎಂಬುದು ಅವನ ಮರ್ಜಿ. ಮಳೆ ಬಂದು ಕೆಲಸ ನಿಂತರೆ ಅದೂ ಇಲ್ಲ.

ಈಗ ಭತ್ಯೆಯ ಲೆಕ್ಕ ನೋಡಿ. 1914ರ ಅಕ್ಟೋಬರಿನಿಂದ ಸಾಮಾನ್ಯ ಸಿಪಾಯಿಯ ಹೆಂಡತಿಗೆ ವಾರಕ್ಕೆ ಹನ್ನೆರಡೂವರೆ ಶಿಲಿಂಗ್. ಅದರಲ್ಲಿ ಮೂರೂವರೆ ಶಿಲಿಂಗ್ ಗಂಡನ ಸಂಬಳದಿಂದ ಕಡಿದದ್ದು, ಉಳಿದದ್ದು ಖಜಾನೆಯದು. 1915ರ ಮಾರ್ಚಿನಿಂದ ಮಕ್ಕಳ ಪಾಲು ಹೆಚ್ಚಿತು: ಮೊದಲ ಮಗುವಿಗೆ 5 ಶಿಲಿಂಗ್, ಎರಡನೆಯದಕ್ಕೆ ಮೂರೂವರೆ, ಆಮೇಲಿನ ಪ್ರತಿ ಮಗುವಿಗೆ 2. ಮೂರು ಮಕ್ಕಳ ತಾಯಿಗೆ 23 ಶಿಲಿಂಗ್. ಅಂಚೆ ಕಚೇರಿಯ ಕಿಟಕಿಯಲ್ಲಿ, ವಾರದ ಗೊತ್ತಾದ ದಿನದಲ್ಲಿ, ಅವಳದೇ ಕೈಗೆ. ಊರ ಮಂದಿ ಇದನ್ನು ಸುಖ ಎಂದು ಕರೆದರು. ಗಂಡ ಕಂದಕದಲ್ಲಿ ಸಾಯುತ್ತಿದ್ದರೆ ಇವಳು ಹೊಸ ಟೋಪಿ ಕೊಳ್ಳುತ್ತಿದ್ದಾಳೆ ಎಂದು ಪತ್ರಿಕೆಗಳಿಗೆ ಕಾಗದ ಬರೆದವರಿದ್ದರು. ರಾತ್‌ಬೋನ್ ಕಂಡದ್ದು ಬೇರೆ. ಬದುಕಿನಲ್ಲಿ ಮೊದಲ ಸಲ ಈ ಹೆಂಗಸರಿಗೆ ತಪ್ಪದೆ ಬರುವ, ಮಕ್ಕಳ ಸಂಖ್ಯೆಗೆ ತಕ್ಕಂತೆ ಏರುವ, ತಮ್ಮ ಹೆಸರಿನ ಆದಾಯವೊಂದು ಸಿಕ್ಕಿತ್ತು. ಮಕ್ಕಳ ಕಾಲಿಗೆ ಬೂಟು ಬಂತು, ಗಿರವಿ ಇಟ್ಟ ಹೊದಿಕೆ ಮನೆಗೆ ಮರಳಿತು. ಯುದ್ಧದ ಕೊನೆಯ ಹೊತ್ತಿಗೆ ಸುಮಾರು ಹದಿನೈದು ಲಕ್ಷ ಹೆಂಡತಿಯರು ಈ ಭತ್ಯೆ ಪಡೆಯುತ್ತಿದ್ದರು.

ಇದು ಸರ್ಕಾರ ತಾನಾಗಿ ಕೊಟ್ಟದ್ದೆಂದು ಯಾರೂ ತಿಳಿಯಬಾರದು. ಯುದ್ಧ ಘೋಷಣೆಯ ಮರುದಿನವೇ, ಆಗಸ್ಟ್ 5ರಂದು, ಕಾರ್ಮಿಕ ಸಂಘಟನೆಗಳು ಸೇರಿ ಒಂದು ತುರ್ತು ಸಮಿತಿ ಕಟ್ಟಿದ್ದವು. ಸೈನಿಕನ ವಿಧವೆಗೆ ಯುದ್ಧಕ್ಕೆ ಮೊದಲು ಇದ್ದ ಪಿಂಚಣಿ ವಾರಕ್ಕೆ 5 ಶಿಲಿಂಗ್; ಇವರು ಕೇಳಿದ್ದು ಒಂದು ಪೌಂಡ್. ಅಷ್ಟು ಸಿಗಲಿಲ್ಲ, ಆದರೆ ಐದು ಶಿಲಿಂಗಿನಲ್ಲೇ ನಿಲ್ಲಿಸಲು ಸರ್ಕಾರಕ್ಕೂ ಆಗಲಿಲ್ಲ. ಲಂಡನ್ನಿನ ಬಡ ಪೂರ್ವ ಭಾಗದಲ್ಲಿ ಸಿಲ್ವಿಯಾ ಪ್ಯಾಂಕ್‌ಹರ್ಸ್ಟ್ ಮತ್ತು ಸಂಗಾತಿಗಳು ಸೈನಿಕರ, ನಾವಿಕರ ಹೆಂಡತಿಯರಿಗಾಗಿ ಒಂದು ಹಕ್ಕಿನ ಸಂಘವನ್ನೇ ಕಟ್ಟಿ, ಸಿಕ್ಕಿಬಿದ್ದ ಅರ್ಜಿಗಳನ್ನು ಒಂದೊಂದಾಗಿ ಬೆನ್ನುಹತ್ತಿದರು. ಸಿಲ್ವಿಯಾ ಯುದ್ಧವನ್ನೇ ವಿರೋಧಿಸಿದವರು. ಆದರೂ ಸೈನಿಕನ ಮನೆಯ ಹಸಿವಿನ ವಿಷಯದಲ್ಲಿ ಹಿಂದೆ ನಿಲ್ಲಲಿಲ್ಲ. ಯುದ್ಧದ ಪರ ಇರುವವರಿಗೆ ಮಾತ್ರ ಸೈನಿಕನ ಕುಟುಂಬದ ಬಗ್ಗೆ ಮಾತಾಡುವ ಅಧಿಕಾರ ಎಂದು ನಮ್ಮಲ್ಲಿ ಈಗ ಒಂದು ಭಾವನೆ ಬೆಳೆದಿದೆ. ಆಕೆಯ ಕೆಲಸವನ್ನು ಅದಕ್ಕಾಗಿಯೇ ಇಲ್ಲಿ ಹೇಳಿದೆ.

ಗ್ಲಾಸ್ಗೋ ನಗರದ್ದು ಇನ್ನೊಂದು ಬಗೆ. 1915ರ ನಡುವಿನ ಹೊತ್ತಿಗೆ ಆಹಾರದ ಬೆಲೆ ಮೂರನೇ ಒಂದರಷ್ಟು ಏರಿತ್ತು, ಮನೆ ಮಾಲೀಕರು ಬಾಡಿಗೆಯನ್ನೂ ಏರಿಸಿದರು. ಕೊಟ್ಟ ಭತ್ಯೆಯನ್ನು ಬಾಡಿಗೆ ನುಂಗಿತು. ಶೆಟ್ಲ್‌ಸ್ಟನ್ ಎಂಬಲ್ಲಿ, ಗಂಡ ಫ್ರಾನ್ಸಿನಲ್ಲಿ ಗಾಯಗೊಂಡಿದ್ದ ಒಬ್ಬ ತಾಯಿಯ ಮನೆಯನ್ನು ಚಿಕ್ಕ ಬಾಕಿಗಾಗಿ ಖಾಲಿ ಮಾಡಿಸಲು ಬಂದಾಗ ಬೀದಿಯ ಜನವೇ ಅಡ್ಡ ನಿಂತಿತು. ಗೋವನ್ ಭಾಗದಲ್ಲಿ ಮೇರಿ ಬಾರ್ಬರ್ ಹೆಂಗಸರನ್ನು ಸಂಘಟಿಸಿ ಬಾಡಿಗೆ ಮುಷ್ಕರ ನಡೆಸಿದರು. ಆ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ಬಾಡಿಗೆ ನಿಯಂತ್ರಣ ಕಾಯ್ದೆ ಮಾಡಬೇಕಾಯಿತು. ಭತ್ಯೆಯ ಮೊತ್ತದ ಜೊತೆಗೆ ಆ ಮೊತ್ತ ಪೇಟೆಯಲ್ಲಿ ಏನನ್ನು ಕೊಳ್ಳುತ್ತದೆ ಎಂಬುದನ್ನೂ ಸರ್ಕಾರ ನೋಡಬೇಕು ಎಂದು ತೋರಿಸಿಕೊಟ್ಟವರು ಈ ಹೆಂಗಸರು.

ಇನ್ನು ನನ್ನನ್ನು ಬಹಳ ಕಾಡಿದ ಭಾಗ. 1914ರ ಅಕ್ಟೋಬರಿನಲ್ಲಿ, ಅಂದರೆ ಹನ್ನೆರಡೂವರೆ ಶಿಲಿಂಗ್ ಜಾರಿಗೆ ಬಂದ ತಿಂಗಳಲ್ಲೇ, ಸೇನಾ ಮಂಡಳಿಯೂ ಗೃಹ ಇಲಾಖೆಯೂ ಒಂದು ಸುತ್ತೋಲೆ ಹೊರಡಿಸಿದವು. ಅಯೋಗ್ಯರಾದ ಹೆಂಡತಿಯರಿಗೆ ಭತ್ಯೆ ನಿಲ್ಲಿಸಬೇಕು. ಕುಡಿತ, ಪರಪುರುಷನ ಸಂಗ, ಮಕ್ಕಳ ಕಡೆ ಅಲಕ್ಷ್ಯ ಕಂಡುಬಂದರೆ ಪೊಲೀಸರು ತಿಳಿಸಬೇಕು. ಗಂಡ ದೇಶಕ್ಕಾಗಿ ಹೋರಾಡುತ್ತಿದ್ದಾನೆ, ಹೆಂಡತಿಯ ಮೇಲೆ ಅದೇ ದೇಶದ ಪೊಲೀಸರ ಕಣ್ಣು. ಪ್ರತಿಭಟನೆ ಎದ್ದಿತು. ಮಾತು ಸಡಿಲಾಯಿತು, ಪದ್ಧತಿ ಉಳಿಯಿತು. 1916ರಿಂದ ವಿಚಾರಣೆಯ ಕೆಲಸ ಸಮಿತಿಗಳ ಕೈಗೆ ಹೋಯಿತು. ನಡತೆ ಕೆಟ್ಟಿದೆ ಎಂದು ವಿಧವೆಯ ಪಿಂಚಣಿಯನ್ನು ಕಸಿಯಲೂ ಅವಕಾಶವಿತ್ತು. ಗಂಡನ ಸೇವೆಗೆ ಸಲ್ಲುವ ಹಣ ಹೌದಾದರೆ ಅದನ್ನು ಹೆಂಡತಿಯ ನಡತೆಗೆ ಕಟ್ಟಿಹಾಕುವುದು ಯಾವ ನ್ಯಾಯ? ಅವಳ ಪಕ್ಕದ ಮನೆಯ ಕಾರ್ಖಾನೆಯ ಕೆಲಸಗಾರನ ಸಂಬಳವನ್ನು ಅವನ ಹೆಂಡತಿ ಕುಡಿಯುತ್ತಾಳೆಂದು ಯಾರೂ ತಡೆಯಲಿಲ್ಲವಲ್ಲ. ಒಂದು ಮಾತನ್ನು ಒಪ್ಪಿಕೊಳ್ಳಬೇಕು: ಮದುವೆಯಾಗದೆ ಸೈನಿಕನೊಡನೆ ನಿಜವಾಗಿ ಸಂಸಾರ ನಡೆಸಿದ್ದ ಹೆಂಗಸಿಗೂ ಅದೇ ಸರ್ಕಾರ ಭತ್ಯೆ ಕೊಟ್ಟಿತು. ಪಾದ್ರಿಗಳು ಗೊಣಗಿದರೂ ಆ ಮನೆಗಳಿಗೆ ಅನ್ನ ತಲುಪಿತು.

ಬೇರೆ ದೇಶಗಳ ಮಾತನ್ನು ಬೇಗ ಮುಗಿಸುತ್ತೇನೆ. ಫ್ರಾನ್ಸ್ 1914ರ ಆಗಸ್ಟ್ 5ರ ಕಾನೂನಿನಿಂದ ಬಡ ಸೈನಿಕನ ಮನೆಗೆ ದಿನಕ್ಕೆ ಒಂದೂಕಾಲು ಫ್ರಾಂಕ್, ಮಗುವಿಗೆ ಅರ್ಧ ಫ್ರಾಂಕ್ ಕೊಟ್ಟಿತು. ಅಮೆರಿಕ 1917ರ ಅಕ್ಟೋಬರಿನ ಕಾಯ್ದೆಯಲ್ಲಿ ಸೈನಿಕನ ಸಂಬಳದಿಂದ ತಿಂಗಳಿಗೆ 15 ಡಾಲರನ್ನು ಕಡ್ಡಾಯವಾಗಿ ಹೆಂಡತಿಗೆ ತಿರುಗಿಸಿ, ಮೇಲೆ ಸರ್ಕಾರದ ಪಾಲನ್ನೂ ಸೇರಿಸಿ, 10,000 ಡಾಲರ್‌ವರೆಗಿನ ವಿಮೆಯನ್ನೂ ಒದಗಿಸಿತು.

ನಮ್ಮವರು? ಆ ಯುದ್ಧದಲ್ಲಿ ಹದಿಮೂರು ಲಕ್ಷ ಭಾರತೀಯರು ದುಡಿದರು, 74,000ದಷ್ಟು ಜನ ಮಡಿದರು. ಸಿಪಾಯಿಯ ಸಂಬಳ ತಿಂಗಳಿಗೆ 11 ರೂಪಾಯಿ. ಬ್ರಿಟಿಷ್ ಸಿಪಾಯಿಯ ಹೆಂಡತಿಗೆ ಕೊಟ್ಟಂಥ ವಾರದ ಭತ್ಯೆ ನಮ್ಮ ಹಳ್ಳಿಯ ಹೆಂಡತಿಗೆ ಬರಲಿಲ್ಲ. ಅವನ ಸಂಬಳದಲ್ಲಿ ಕಡಿದು ಕಳಿಸಿದ್ದೇ ಅವಳಿಗೆ ಆಧಾರ. ಮೈಸೂರಿನಿಂದ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧದ ಖರ್ಚಿಗೆ 50 ಲಕ್ಷ ರೂಪಾಯಿ ಕೊಟ್ಟರು. ಮೈಸೂರು ಲ್ಯಾನ್ಸರ್ಸ್ ಕುದುರೆ ದಳ ಈಜಿಪ್ಟ್, ಪ್ಯಾಲೆಸ್ಟೈನ್ ದಾಟಿ 1918ರ ಸೆಪ್ಟೆಂಬರ್ 23ರಂದು ಜೋಧಪುರದವರೊಡನೆ ಹೈಫಾ ಗೆದ್ದಿತು. ಆ ಗೆಲುವಿನ ಕಥೆ ಈಗ ಶಾಲಾ ಮಕ್ಕಳಿಗೂ ಗೊತ್ತು. ಆ ಸವಾರರ ಮನೆಗಳು ನಾಲ್ಕು ವರ್ಷ ಹೇಗೆ ನಡೆದವು ಎಂಬುದನ್ನು ನಮ್ಮ ಸಂಶೋಧಕರಲ್ಲಿ ಯಾರಾದರೂ ಕೈಗೆತ್ತಿಕೊಳ್ಳಬೇಕು ಎಂಬುದು ನನ್ನ ಬಹಳ ದಿನಗಳ ಆಸೆ.

ಸತ್ತ ವೀರನ ಮನೆಯನ್ನು ರಾಜ್ಯ ನೋಡಿಕೊಳ್ಳಬೇಕು ಎಂಬುದು ಕನ್ನಡ ನಾಡಿಗೆ ಹೊಸ ಮಾತಲ್ಲ. ನೆತ್ತರು ಕೊಡಗೆಯಾಗಿ ಭೂಮಿ ಬಿಟ್ಟ ಶಾಸನಗಳು ನಮ್ಮಲ್ಲಿವೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲನ್ನು ನೋಡಿದವರು ಆನೆಯ ಕಾಲಡಿಯ ಆ ಯುದ್ಧವನ್ನು ಮರೆಯಲಾರರು. ಗಂಗ ಅರಸ ಎರೆಯಪ್ಪನ ಅಪ್ಪಣೆಯಂತೆ ಹೋರಾಡಿ ಮಡಿದ ನಾಗತ್ತರನ ಪಟ್ಟವನ್ನು ಆ ಅರಸ ಇರುಗ ಎಂಬವನಿಗೆ ಕಟ್ಟಿ, ಬೆಂಪೂರು ಹನ್ನೆರಡು ಎಂಬ ಹಳ್ಳಿಗಳ ಗುಂಪನ್ನು ಕಲ್ನಾಡು ಎಂಬ ದತ್ತಿಯಾಗಿ ಕೊಟ್ಟ. ಹಳ್ಳಿಯೂ ಪಟ್ಟವೂ ಗಂಡಸಿಗೆ ಹೋದವು. ಅದೇ ಊರುಗಳ ಹೊರಗೆ ವೀರಗಲ್ಲುಗಳ ಬಳಿಯಲ್ಲೇ ಸತಿ ಹೋದ ಹೆಂಗಸರ ಮಾಸ್ತಿಕಲ್ಲುಗಳೂ ಇವೆ. ಹೆಂಡತಿಯ ಪಾಲಿಗೆ ಎಷ್ಟೋ ಕಡೆ ಬಂದದ್ದು ಆ ಕಲ್ಲು.

ಸ್ವತಂತ್ರ ಭಾರತದ ವ್ಯವಸ್ಥೆ ಇದಕ್ಕಿಂತ ಬಹಳ ಮುಂದೆ ಬಂದಿದೆ. ಯುದ್ಧದಲ್ಲಿ ಮಡಿದ ಸೈನಿಕನ ಹೆಂಡತಿಗೆ ಅವನ ಕೊನೆಯ ಸಂಬಳಕ್ಕೆ ಸಮನಾದ ಉದಾರೀಕೃತ ಕುಟುಂಬ ಪಿಂಚಣಿ ಇದೆ, ಒಟ್ಟು ಪರಿಹಾರ ಇದೆ, ಸೇನೆಯ ಗುಂಪು ವಿಮೆ ಇದೆ. ಕಾರ್ಗಿಲ್ ಯುದ್ಧದ ನಂತರ ಪೆಟ್ರೋಲ್ ಬಂಕ್, ಗ್ಯಾಸ್ ಏಜೆನ್ಸಿಗಳನ್ನೂ ಕೊಟ್ಟರು. 1971ರ ಯುದ್ಧದ ನಂತರ ಮಡಿದವರ ಮಕ್ಕಳ ಓದಿನ ಪೂರ್ತಿ ಖರ್ಚನ್ನು ಹೊರುವ ಯೋಜನೆ ಬಂತು. ಆದರೆ 2017ರ ಜುಲೈನಲ್ಲಿ ಅದಕ್ಕೆ ತಿಂಗಳಿಗೆ 10,000 ರೂಪಾಯಿಯ ಮಿತಿ ಹಾಕಿದರು. ನೌಕಾಪಡೆಯ ಮುಖ್ಯಸ್ಥರೇ ರಕ್ಷಣಾ ಸಚಿವರಿಗೆ ಪತ್ರ ಬರೆಯಬೇಕಾಯಿತು; 2018ರ ಮಾರ್ಚಿನಲ್ಲಿ ಮಿತಿ ತೆಗೆದರು. ದೇಶದ ರಕ್ಷಣಾ ಬಜೆಟ್ಟಿನಲ್ಲಿ ಈ ಉಳಿತಾಯ ಲೆಕ್ಕಕ್ಕೇ ಬರುವಂಥದ್ದಲ್ಲ. ಕೊಟ್ಟ ಮಾತಿನಿಂದ ಹಿಂದೆ ಸರಿಯಲು ಎಷ್ಟು ಚಿಕ್ಕ ಕಾರಣ ಸಾಕು ಎಂದು ಅದು ತೋರಿಸಿತು.

ನಡತೆಯ ಶರತ್ತೂ ನಮ್ಮಲ್ಲಿ ಇತ್ತು. ಶೌರ್ಯ ಪದಕದ ಮಾಸಿಕ ಗೌರವಧನ ವಿಧವೆಗೆ ಮುಂದುವರಿಯುತ್ತಿತ್ತು. ಮರುಮದುವೆಯಾದರೆ ನಿಲ್ಲುತ್ತಿತ್ತು, ಸತ್ತವನ ಅಣ್ಣನನ್ನೋ ತಮ್ಮನನ್ನೋ ಮದುವೆಯಾದರೆ ಮಾತ್ರ ಸಿಗುತ್ತಿತ್ತು. ಒಂದು ಗಣರಾಜ್ಯ ತನ್ನ ವೀರನ ಹೆಂಡತಿಗೆ ಯಾರನ್ನು ಮದುವೆಯಾಗಬೇಕು ಎಂದು ಹೇಳುತ್ತಿತ್ತು! ಈ ಶರತ್ತನ್ನು ರಕ್ಷಣಾ ಸಚಿವಾಲಯ ತೆಗೆದುಹಾಕಿದ್ದು 2017ರ ನವೆಂಬರಿನಲ್ಲಿ.

ಉತ್ತರ ಕರ್ನಾಟಕದ ಒಂದು ಜಿಲ್ಲೆಯಲ್ಲಿ ಅರ್ಜಿ ತುಂಬಿಸಲು ನೆರವಾಗುತ್ತಿದ್ದಾಗ ಕಂಡ ಒಂದು ಕಡತ ನನ್ನ ಕಣ್ಣಿನಿಂದ ಹೋಗಿಲ್ಲ. ಆಕೆಯ ಗಂಡ ಸೇವೆಯಲ್ಲಿದ್ದಾಗಲೇ ತೀರಿಕೊಂಡಿದ್ದ. ಮದುವೆಯಾದಾಗ ಅವನು ಘಟಕದಲ್ಲಿ ಬರೆಸಿದ, ಪಾರ್ಟ್ ಟು ಆರ್ಡರ್ ಎಂಬ ಸೇವಾ ದಾಖಲೆಯಲ್ಲಿ ಆಕೆಯ ಹೆಸರು 'ಅವ್ವ' ಎಂದು ಮುಗಿದಿತ್ತು. ಆಧಾರ್ ಕಾರ್ಡಿನಲ್ಲಿ ಅದೇ ಹೆಸರು 'ಅಮ್ಮ' ಆಗಿತ್ತು. ಬ್ಯಾಂಕಿನ ಪಾಸ್‌ಪುಸ್ತಕದಲ್ಲಿ ತವರಿನ ಅಡ್ಡಹೆಸರು. ನಮ್ಮ ಕಡೆ ಯಾರಿಗೂ ಇದು ಬೇರೆ ಹೆಂಗಸು ಎನಿಸುವುದಿಲ್ಲ. ಆದರೆ ಪಿಂಚಣಿ ಮಂಜೂರಾಗುವುದು ದೂರದ ಪ್ರಯಾಗರಾಜದಲ್ಲಿ, ಅಲ್ಲಿನ ಗುಮಾಸ್ತನ ಕಣ್ಣಿಗೆ ಇವರು ಮೂವರು. ಅಫಿಡವಿಟ್ ಮಾಡಿಸಿ, ತಹಸೀಲ್ದಾರರ ಪ್ರಮಾಣಪತ್ರ ತಂದು, ಗೆಜೆಟ್ ಪ್ರಕಟಣೆ ಕೇಳಿದಾಗ ಅದನ್ನೂ ಮಾಡಿಸಿ ಕಳಿಸಬೇಕಾಯಿತು. ಆ ತಿಂಗಳುಗಳಲ್ಲಿ ಅವಳು ಹತ್ತಿ ಬಿಡಿಸಲು ಕೂಲಿಗೆ ಹೋದಳು. 1914ರ ಲಂಡನ್ನಿನ ಪಟ್ಟಿಯಲ್ಲಿಲ್ಲದ ಹೆಂಡತಿಯನ್ನು ಓದುವಾಗ ನನಗೆ ಈ ತಾಯಿಯೇ ಕಾಣುತ್ತಾಳೆ.

ರಾತ್‌ಬೋನ್ ಅವರ ಕಥೆಯ ಉಳಿದ ಭಾಗ ಹೇಳಬೇಕು. ಯುದ್ಧ ಮುಗಿಯಿತು, ಭತ್ಯೆ ನಿಂತಿತು. ಸೈನಿಕನ ಹೆಂಡತಿಗೆ ಸಲ್ಲುವುದಾದರೆ ಎಲ್ಲ ತಾಯಂದಿರಿಗೂ ಏಕಿಲ್ಲ ಎಂದು ಅವರು 1924ರಲ್ಲಿ ಪುಸ್ತಕ ಬರೆದು ವಾದಿಸಿದರು. ಅವರನ್ನು ದೇವತೆ ಮಾಡಬೇಕಿಲ್ಲ. ಭಾರತದ ಹೆಂಗಸರ ಪರವಾಗಿ ತಾವೇ ಮಾತಾಡಲು ಹೊರಟಾಗ, 1929ರಲ್ಲಿ ಲಂಡನ್ನಿನ ಸಮ್ಮೇಳನದಲ್ಲಿ ಅವರನ್ನು ಎದುರಿಸಿ, ನಮ್ಮ ಸುಧಾರಣೆ ನಮ್ಮ ಕೆಲಸ ಎಂದು ನಿಂತವರು ನಮ್ಮ ಹುಬ್ಬಳ್ಳಿಯಲ್ಲಿ ಹುಟ್ಟಿದ ಧನ್ವಂತಿ ರಾಮರಾವ್. ಆದರೂ ಭತ್ಯೆಯ ವಿಷಯದಲ್ಲಿ ರಾತ್‌ಬೋನ್ ಹಿಡಿದ ಹಟಕ್ಕೆ ನಾನು ತಲೆಬಾಗುತ್ತೇನೆ. 1945ರಲ್ಲಿ ಕುಟುಂಬ ಭತ್ಯೆಯ ಮಸೂದೆ ಬಂದಾಗ ಹಣವನ್ನು ತಂದೆಯ ಹೆಸರಿಗೆ ಬರೆದಿದ್ದರು. ಹಾಗಾದರೆ ಜೀವಮಾನವೆಲ್ಲ ಹೋರಾಡಿ ತಂದ ಮಸೂದೆಗೇ ವಿರುದ್ಧ ಮತ ಹಾಕುತ್ತೇನೆ ಎಂದು ಆಗ ಸಂಸದೆಯಾಗಿದ್ದ ರಾತ್‌ಬೋನ್ ಹೇಳಿದರು. ತಿದ್ದುಪಡಿಯಾಗಿ ಹಣ ತಾಯಿಯ ಹೆಸರಿಗೆ ಬಂತು. 1946ರ ಜನವರಿಯಲ್ಲಿ ಅವರು ತೀರಿಕೊಂಡರು. ಆಗಸ್ಟಿನಲ್ಲಿ ಮೊದಲ ಕಂತು, ಎರಡನೆಯ ಮಗುವಿನಿಂದ ಮುಂದಕ್ಕೆ ವಾರಕ್ಕೆ 5 ಶಿಲಿಂಗ್, ತಾಯಂದಿರ ಕೈ ಸೇರಿತು.

ಇಂದಿನ ಅಗ್ನಿವೀರರ ಕುರಿತು ನನಗಿರುವ ಚಿಂತೆ, ತಪ್ಪದೆ ಬರುವ ಹಣದ ಈ ಕಥೆಯಿಂದಲೇ ಬಂದದ್ದು. 2022ರ ಯೋಜನೆಯಲ್ಲಿ ನಾಲ್ಕು ವರ್ಷದ ಸೇವೆ. ಮಡಿದರೆ 48 ಲಕ್ಷ ರೂಪಾಯಿ ವಿಮೆ, ಕರ್ತವ್ಯದಲ್ಲಿ ಮಡಿದರೆ ಮೇಲೆ 44 ಲಕ್ಷ ಪರಿಹಾರ, ಉಳಿದ ಅವಧಿಯ ಸಂಬಳ. ಮೊತ್ತ ದೊಡ್ಡದು. ಆದರೆ ಅದೇ ಬಂಕರಿನಲ್ಲಿ ಪಕ್ಕದಲ್ಲಿ ಮಡಿದ ಕಾಯಂ ಸೈನಿಕನ ಮನೆಗೆ ಬರುವ ಜೀವಿತಾವಧಿಯ ಕುಟುಂಬ ಪಿಂಚಣಿ ಇವನ ಮನೆಗೆ ಇಲ್ಲ. ಒಮ್ಮೆಲೇ ಬಂದ ದೊಡ್ಡ ಗಂಟಿಗೆ ಎಷ್ಟು ಕೈಗಳು ಚಾಚುತ್ತವೆ ಎಂಬುದನ್ನು ನೀವೂ ಕಂಡಿದ್ದೀರಿ: ಹಳೆಯ ಸಾಲ, ತಂಗಿಯ ಮದುವೆ, ನಿವೇಶನ ಮಾರಲು ಬಂದವನು, ಮೈದುನನ ವ್ಯಾಪಾರ. ತಿಂಗಳು ತಿಂಗಳು ಬರುವ ಪಿಂಚಣಿಯನ್ನು ಹಾಗೆ ಯಾರೂ ಒಂದೇ ಸಲ ಕಸಿಯಲಾರರು. ಮಗನನ್ನು ಕಳೆದುಕೊಂಡ ವಯಸ್ಸಾದ ತಾಯಿಗೆ ಬೇಕಾದದ್ದು ಅದು. ಅಗ್ನಿವೀರರ ಕುಟುಂಬಗಳಿಗೂ ಅದೇ ಪಿಂಚಣಿ ಕೊಡಬೇಕೆಂದು ಈ ವೇದಿಕೆಯಿಂದ ಸರ್ಕಾರವನ್ನು ಕೇಳುತ್ತೇನೆ.

ಸಭೆಯಲ್ಲಿ ಸೈನಿಕರ ಮನೆಯವರು ಹಲವರಿದ್ದೀರಿ. ಮಗ ರಜೆಗೆ ಬಂದಾಗ ಮದುವೆಯ, ಮಕ್ಕಳ ಜನನದ ಪಾರ್ಟ್ ಟು ಆರ್ಡರ್ ಆಗಿದೆಯೇ ಎಂದು ಕೇಳಿ. ಸೊಸೆಯ ಹೆಸರು ಅದರಲ್ಲೂ ಆಧಾರಿನಲ್ಲೂ ಬ್ಯಾಂಕಿನಲ್ಲೂ ಒಂದೇ ಕಾಗುಣಿತದಲ್ಲಿದೆಯೇ ನೋಡಿ. ಪಿಂಚಣಿ ಸೊಸೆಯ ಹೆಸರಿಗೆ ಬಂದರೆ ಅದು ಮನೆ ಬಿಟ್ಟು ಹೋಯಿತು ಎಂದು ಅತ್ತೆ ಮಾವಂದಿರು ಭಯಪಡುವುದು ನನಗೆ ಅರ್ಥವಾಗುತ್ತದೆ. ಆ ಭಯಕ್ಕೆ ಉತ್ತರವಾಗಿ ತಂದೆ ತಾಯಿಗೂ ಒಂದು ಪ್ರತ್ಯೇಕ ಪಾಲನ್ನು ಕಾನೂನಿನಲ್ಲೇ ಕೇಳೋಣ, ಅವಳ ಪಾಲಿಗೆ ಕೈ ಹಾಕುವುದು ಬೇಡ. ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಲು ಜೊತೆ ಬೇಕಾದವರು ಸಭೆ ಮುಗಿದ ಮೇಲೆ ಕಾಗದಪತ್ರ ಹಿಡಿದು ನನ್ನನ್ನು ಕಾಣಬಹುದು.